ಕೋಸಿನ ಸೂಪಿನ ಕಳವು

ಪ್ರಯೋಗಾಲಯದ ವರದಿ ಬಂದ ಬೆಳಿಗ್ಗೆಯೇ ಗುಲ್ಲೆದ್ದಿತು. ಸಂಶೋಧನಾ ಕೇಂದ್ರದ ಪ್ರಯೋಗಕ್ಕೆಂದು ದಿನವೂ ಎಲೆಕೋಸಿನ ಸೂಪ್ ಕುಡಿಯುತ್ತಿದ್ದ ಸ್ವಯಂಸೇವಕರ ಮೂತ್ರದಲ್ಲಿ ಕೋಸಿನ ಸತ್ವದ ಸುಳಿವೇ ಇಲ್ಲ! ಹೋದ ವಾರ ಧಾರಾಳವಾಗಿತ್ತು.

"ಕೋಸು ಮಾರ್ಕೊಂಡು ಸೋರೆಕಾಯಿ ರುಬ್ಬಿ ಹಾಕಿದ್ದಾನೆ," ಎಂದು ಡಾಕ್ಟರೂ ಆಗಿದ್ದ ಕೇಂದ್ರದ ನಿರ್ದೇಶಕ ಊಟದ ಹಾಲಿನಲ್ಲಿ ಎಲ್ಲರೆದುರು ಕೂಗಾಡಿದ. "ಸಂಜೆಯೊಳಗೆ ಈ ಅಡುಗೆಯವನು ಜಾಗ ಖಾಲಿ ಮಾಡ್ಲಿ!"

ಸುದ್ದಿ ಕೇಳಿ ನಿವೃತ್ತ ಮೇಡಂ ಓಡೋಡಿ ಬಂದರು. ಒಂದು ಕಾಲಕ್ಕೆ ಇಲ್ಲೇ ಈ ನಿರ್ದೇಶಕನಿಗೇ ಪಾಠ ಹೇಳಿದವರು. ಅಡುಗೆಮನೆ ಹೊಕ್ಕೊಡನೆ ಬೆಂದ ಕೋಸಿನ ಘಾಟು ಮೂಗಿಗೆ ಬಡಿಯಿತು. ಎಂಥ ದಿನಗಳವು! ಪ್ರಯೋಗ ಕೆಟ್ಟು ಮುಖ ಸಪ್ಪಗೆ ಮಾಡಿಕೊಂಡು ಬಂದವರಿಗೆಲ್ಲ ಈ ಅಡುಗೆಯವನು ತಟ್ಟೆ ತುಂಬ ಬಡಿಸಿ ನಗಿಸುತ್ತಿದ್ದ. ಆಗ ಕಡ್ಡಿಯಂತಿದ್ದ ನಿರ್ದೇಶಕ ಪಾತ್ರೆಯ ತಳ ಕೆರೆದು ತಿನ್ನುತ್ತಿದ್ದ. ಮೇಡಂ ಒಲೆಯ ಬಳಿ ನಿಂತಿದ್ದ ಅಡುಗೆಯವನನ್ನು ಕೇಳಿದರು.

"ಸೂಪ್ ಹೇಗೆ ಮಾಡ್ದೆಯಪ್ಪಾ?"

"ಎಂದಿನ ಹಾಗೇ, ಅಕ್ಕಾ. ಚೆನ್ನಾಗಿ ಬೇಯಿಸಿ, ರುಬ್ಬಿ."

"ಹೋದ ವಾರಾನೂ?"

"ಹೋದ ವಾರಾನೂ."

ಫ್ರಿಜ್ಜಿನಲ್ಲಿ ಉಳಿದಿದ್ದ ಸೂಪನ್ನು ಮೇಡಂ ರುಚಿ ನೋಡಿದರು. ಅಪ್ಪಟ ಕೋಸು! ಹಾಗಾದರೆ ಸತ್ವ ಎಲ್ಲಿ ಹೋಯಿತು?

ಊಟದ ಹಾಲಿಗೆ ಬಂದು ಕಿವಿಗೊಟ್ಟು ನಿಂತರು. ಹೋದ ವಾರ ಅತಿಥಿಯಾಗಿ ಬಂದಾಗ ಇಲ್ಲಿ ಕೆಮ್ಮೋ ಕೆಮ್ಮು. ಇವತ್ತು ಊಟಕ್ಕೆ ಕೂತ ಸ್ವಯಂಸೇವಕರ ಚಮಚದ ಸದ್ದಷ್ಟೇ.

"ಇವರ ಕೆಮ್ಮು ಎಲ್ಲಿ ಹೋಯ್ತೋ?"

"ಎಲ್ಲರಿಗೂ ಆಂಟಿಬಯೋಟಿಕ್ ಕೊಟ್ಟೆ, ಮೇಡಂ," ಎಂದ ನಿರ್ದೇಶಕ. "ಪ್ರಯೋಗ ಅರ್ಧಕ್ಕೆ ನಿಲ್ಲಬಾರದಲ್ಲ? ಗಂಟಲಿಗೂ ಕೋಸಿಗೂ ಏನು ಸಂಬಂಧ?"

"ಇದೆ. ಕೋಸಲ್ಲಿರೋದನ್ನ ಒಡೆದರೇನೇ ಆ ಸತ್ವ ಹೊರಗೆ ಬರೋದು. ಒಡೆಯೋ ಕಿಣ್ವ ಕೋಸಲ್ಲೇ ಇರತ್ತೆ — ಆದ್ರೆ ಚೆನ್ನಾಗಿ ಬೇಯಿಸಿದ್ರೆ ಸತ್ತುಹೋಗತ್ತೆ. ಆಮೇಲೆ ಆ ಕೆಲಸ ಯಾರದ್ದು?"

ನಿರ್ದೇಶಕನ ಮುಖ ಬಿಳಿಚಿಕೊಂಡಿತು. "ಕರುಳಿನ... ಬ್ಯಾಕ್ಟೀರಿಯಾದ್ದು."

"ಅವನ್ನ ಕೊಂದದ್ದು ನಿನ್ನ ಮಾತ್ರೆ. ಕಳವಾಗಿದ್ದು ಅಡುಗೆಮನೇಲಲ್ಲ ಕಣೋ, ಇವರ ಹೊಟ್ಟೇಲಿ. ಕಳ್ಳ ನೀನೇ! ಎಲ್ಲರೆದುರು ಬೈದೆಯಲ್ಲ, ಎಲ್ಲರೆದುರೇ ಹೇಳು."

ಅಡುಗೆಯವನನ್ನು ಕರೆಸಿದರು. ನಿರ್ದೇಶಕ ಕೈಮುಗಿದ. "ತಪ್ಪು ನಂದೇ, ಅಣ್ಣಾ. ನೀನು ಕೋಸು ಕದ್ದಿಲ್ಲ. ಕೆಲಸ ಬಿಟ್ಟು ಹೋಗ್ಬೇಡ."

ಅಡುಗೆಯವನು ಒದ್ದೆ ಕೈ ಒರೆಸಿಕೊಂಡ. ನಿರ್ದೇಶಕ ವಿದ್ಯಾರ್ಥಿಯಾಗಿದ್ದ ದಿನದಿಂದ ಇಂದಿನವರೆಗೂ ಅವನನ್ನು 'ಮರೀ' ಎಂದಲ್ಲದೆ ಬೇರೆ ಹೆಸರಲ್ಲಿ ಕರೆದವನಲ್ಲ.

"ಹೋಗಲ್ಲ, ಸರ್," ಎಂದ.