ಮೂರು ಗಂಟು ಉಪ್ಪು, ಒಂದು ಹುಳಿಕೆರೆ

ಎಷ್ಟೋ ಕಾಲದ ಹಿಂದಿನ ಮಾತು. ಏಳು ಗುಡ್ಡದಾಚೆ ಬಣ್ಣದುರ್ಗ ಅಂತ ಒಂದು ರಾಜ್ಯ. ಅಲ್ಲಿ ನೂಲಿಗೆ ಬಣ್ಣ ಹಾಕುವ ಕೆಂಚಣ್ಣ, ಅವನ ತಂಗಿ ಮುದ್ದವ್ವ ಇದ್ದರು.

ಒಮ್ಮೆ ಕಂಟಕನಾಥನೆಂಬ ಮಾಂತ್ರಿಕ ಬಂದ. ಅವನು ಬದುಕುವುದೇ ಹುಳಿನೀರು ಕುಡಿದು. ಊರ ಕೆರೆಯನ್ನೇ ಹುಳಿ ಮಾಡಿದ. ಬೈಯಲು ಹೋದ ಮುದ್ದವ್ವನನ್ನು ಮೀನು ಮಾಡಿ ಅದೇ ನೀರಿಗೆ ಬಿಟ್ಟ. ಆ ನೀರಿನಲ್ಲಿ ಮೀನು ಮೂರು ದಿನದ ಮೇಲೆ ಬದುಕದು.

ಕೆಂಚಣ್ಣ ಹೋಗಿ ಕಾಲು ಹಿಡಿದ. ಮಾಂತ್ರಿಕ ನಕ್ಕು, ಬಿಳಿ ಪುಡಿಯ ಮೂರು ಗಂಟು ಕೊಟ್ಟ. ಒಂದೊಂದೂ ಒಂದು ಕೆರೆಗೆ ಸಾಕಾಗುವಂಥದ್ದು. ಮೂರೂ ಉಪ್ಪೇ, ದಿನಕ್ಕೊಂದು ಹಾಕು, ಹುಳಿ ಹೋದರೆ ತಂಗಿ ಬರುತ್ತಾಳೆ, ನಾಲಿಗೆಗೆ ಮುಟ್ಟಿಸಿದೆಯೋ ನೀನೂ ಮೀನು, ಅಂದ.

ಬಣ್ಣದವರು ನೂಲು ಅದ್ದುವ ಮುಂಚೆ ಬೊಗಸೆ ನೀರಿಗೆ ಶಂಖಪುಷ್ಪ ಹಿಸುಕಿ ನೋಡುತ್ತಾರೆ. ಒಳ್ಳೆಯ ನೀರಾದರೆ ನೀಲಿ, ಹುಳಿಯಾದರೆ ಕೆಂಪು.

ಮೊದಲ ದಿನ ಕೈಗೆ ಸಿಕ್ಕ ಗಂಟು ಸುರಿದ. ಕರಗಿತು. ಹೂವು ಹಿಸುಕಿದರೆ ಕೆಂಪು ಕೆಂಪಾಗಿಯೇ ಇತ್ತು. ಅದು ಅಡುಗೆ ಉಪ್ಪು. ಹುಳಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಮೀನು ತಲೆ ಎತ್ತಿ, "ಅಣ್ಣಾ, ಈ ಸಾರಿಗೆ ಒಗ್ಗರಣೆ ಯಾವಾಗ?" ಅಂತ ಕೇಳಿತು.

ಎರಡನೆಯ ದಿನ ಒಂದು ಪುಡಿ ಬೆರಳಿನ ಬಿರುಕಿಗೆ ತಾಗಿ ಚುರ್ ಅಂದಿತು. ಪಟಿಕ! ನೂಲಿಗೆ ಬಣ್ಣ ಹಿಡಿಸುವ, ಕೆಸರು ಇಳಿಸುವ ಪಟಿಕ. ಬಣ್ಣದವನಿಗೆ ಇದಕ್ಕಿಂತ ಹತ್ತಿರದ ನಂಟ ಯಾರು ಅಂತ ಸುರಿದೇಬಿಟ್ಟ. ನೀರು ಗಾಜಿನಂತೆ ತಿಳಿಯಾಯಿತು. ಹೂವು ಮಾತ್ರ ಮೊದಲಿಗಿಂತ ಕೆಂಪಾಯಿತು. ಕಣ್ಣಿಗೆ ತಿಳಿನೀರು, ಹೂವಿಗೆ ಇನ್ನೂ ಹುಳಿ. ಕೆಂಚಣ್ಣನಿಗೆ ತಲೆಯೇ ಕೆಟ್ಟುಹೋಯಿತು. ಮೀನು ಮಗ್ಗುಲಿಗೆ ವಾಲಿತು.

ಮೂರನೆಯ ದಿನ ಉಳಿದದ್ದು ಚೌಳು, ಅಗಸರು ಬಟ್ಟೆ ಒಗೆಯಲು ಹಾಕುವ, ಒದ್ದೆ ಕೈಗೆ ಜಾರುವ ಉಪ್ಪು. ಬಣ್ಣ ಕೆಡಿಸುತ್ತದೆ ಅಂತ ಬಣ್ಣದವರು ಅದನ್ನು ಮನೆಗೇ ತರುವುದಿಲ್ಲ. ಬಣ್ಣದವನು ಚೌಳು ಮುಟ್ಟಲಾರ ಅಂತಲೇ ಮಾಂತ್ರಿಕ ನಂಬಿ ಕೂತಿದ್ದ. ಕೆಂಚಣ್ಣನ ಕೈ ಏಳಲಿಲ್ಲ.

"ಉಪ್ಪು ಸುಮ್ಮನಿತ್ತು. ಪಟಿಕ ಹುಳಿ ಮಾಡಿತು. ಇದೇನು ಮಾಡುತ್ತೋ, ನನಗೊಂದೂ ತಿಳೀತಿಲ್ಲ ಕಣೆ."

"ನನಗೂ ತಿಳೀದು. ಹೂವಿಗೆ ತಿಳಿಯುತ್ತೆ," ಅಂದಿತು ಮೀನು, ಏದುಸಿರು ಬಿಡುತ್ತ. "ಚಿಟಿಕೆ ಚಿಟಿಕೆ ಹಾಕಣ್ಣ."

ಒಂದು ಚಿಟಿಕೆಗೆ ನೀರು ಬುಸ್ಸೆಂದು ನೊರೆಯೆದ್ದಿತು. ಇನ್ನೊಂದಕ್ಕೆ ಕರಗಿದ್ದ ಪಟಿಕ ಬಿಳಿ ಚೂರಾಗಿ ತಳಕ್ಕಿಳಿಯಿತು. ಹೂವು ನೇರಳೆಗೆ ತಿರುಗಿತು. ಹಾಗೇ ಹಾಕುತ್ತ ಹೋಗಿ ಅರ್ಧ ಗಂಟು ಮುಗಿಯುವಷ್ಟರಲ್ಲಿ ನೀಲಿ. ಪೂರ್ತಿ ಸುರಿಯೋ ಅಂತ ದಡದಿಂದ ಮಾಂತ್ರಿಕ ಕೂಗಿದ. ಹೂವು ನೀಲಿಯಾಯಿತಲ್ಲ, ಇನ್ನು ಹೆಚ್ಚಾದರೆ ನೀರು ಮತ್ತೆ ಕೆಡುತ್ತದೆ ಅಂತ ಕೆಂಚಣ್ಣ ಉಳಿದ ಅರ್ಧ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಮುದ್ದವ್ವ ಕೂದಲು ಹಿಂಡುತ್ತ ಮೇಲೆ ಬಂದಳು. ಹುಳಿನೀರು ಸಿಗದೆ ಮಾಂತ್ರಿಕ ತರಗೆಲೆಯಂತೆ ಒಣಗಿದ, ಗಾಳಿಗೆ ಹಾರಿಹೋದ.

ಊರವರು ಆ ಕೆರೆಯ ನೀರು ಕುಡಿದು ಮಕ್ಕಳು ಮರಿ ಸಮೇತ ಸುಖವಾಗಿ ಬಾಳಿದರು. ಕೆಂಚಣ್ಣ ಮಾತ್ರ, ಮೂರೂ ಉಪ್ಪೇ ಅಂದನಲ್ಲ, ಮತ್ತೆ ಒಂದೊಂದು ಒಂದೊಂದು ಥರ ಮಾಡಿದ್ದೇಕೆ, ಅಂತ ತಲೆ ಕೆರೆಯುತ್ತಲೇ ಇದ್ದ. ಮುದ್ದವ್ವನೋ, ಸಾರಿಗೆ ಉಪ್ಪು ಹಾಕಿದಾಗಲೆಲ್ಲ ಒಂದು ಹೂವು ಹಿಸುಕಿ ನೋಡುತ್ತಿದ್ದಳು.