ಹಗ್ಗದ ಬೀದಿಯ ನಾಲ್ಕು ಕಲ್ಲು

ಲಾರಿ ಹಿಂದಕ್ಕೆ ಬರುತ್ತಿತ್ತು.

ನಿಧಾನವಾಗಿ. ಅವಸರವೇ ಇಲ್ಲದೆ. ಎಮ್ಮೆ ಕೊಟ್ಟಿಗೆಗೆ ಬರುವ ಹಾಗೆ.

ಬೀದಿಯ ಅಗಲ ಹತ್ತಡಿ. ಲಾರಿಯದು ಎಂಟು. ಉಳಿದ ಎರಡಡಿಯಲ್ಲಿ ನಾನು. ನನ್ನ ಬೆನ್ನಿಗೆ ಇಸಾಕ್ ಸಾಬ್. ಅರವತ್ತು ವರ್ಷದ ಮನುಷ್ಯ, ಬಲಗೈ ತುಂಬಾ ಪ್ಲಾಸ್ಟರ್.

"ನಿಲ್ಸು ಮುದ್ದಯ್ಯ," ಎಂದೆ.

ಡ್ರೈವರ್ ಮುದ್ದಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಬ್ರೇಕ್ ಹಿಡೀತಿಲ್ಲ ಟೈಪಿಸ್ಟಮ್ಮ. ನೀವೇ ವಾಪಸ್ ಹೋಗ್ಬುಡಿ. ಸಾಬ್ರನ್ನ ಕರ್ಕೊಂಡು ಬಸ್ ಸ್ಟ್ಯಾಂಡ್‌ನಲ್ಲಿ ಆರಾಮಾಗಿ ಕೂತ್ಕಳಿ. ಐದು ಗಂಟೆಗೆ ನಾನೇ ಮನೆಗೆ ಬುಟ್ಟು ಬತ್ತೀನಿ."

"ಮೀಟಿಂಗು ಮೂರಕ್ಕೆ."

"ಅದ್ಕೇ ಐದು ಅಂದಿದ್ದು."

ಲಾರಿಯ ಹಿಂಭಾಗ ಪಕ್ಕದ ಮನೆಯ ಜಗಲಿಗೆ ತಾಗಿತು. ಕಲ್ಲು ಚಪ್ಪಡಿ ಹಪ್ಪಳದಂತೆ ಮುರಿಯಿತು. ಆಗ ಗಂಟೆ ಎರಡೂವರೆ. ಮೂರಕ್ಕೆ ಪುರಸಭೆಯಲ್ಲಿ ಇಸಾಕ್ ಸಾಬರನ್ನು ನಿಲ್ಲಿಸದಿದ್ದರೆ ಈ ಬೀದಿ ಖಾಯಂ ಆಗಿ ಲಾರಿಗಳ ಪಾಲು.

ಊರು ಯಾವುದು ಅಂತ ಕೇಳಬೇಡಿ. ಗುಬ್ಬಿ ದಾಟಿ ಒಂಬತ್ತು ಮೈಲಿ ಅಂದುಕೊಳ್ಳಿ. ಇಸವಿ ಎಪ್ಪತ್ತೊಂಬತ್ತು. ಅಂದಿನ ಅಧ್ಯಕ್ಷರು ಈಗಲೂ ಇದ್ದಾರೆ, ಬಿ.ಪಿ. ಇದೆ, ಪಾಪ.

ಹಗ್ಗದ ಬೀದಿಯಲ್ಲಿ ನಲವತ್ತು ಮನೆ. ಎಲ್ಲರೂ ತೆಂಗಿನ ನಾರಿನ ಹಗ್ಗ ಹೊಸೆಯುವವರು. ಆ ತುದಿಯಲ್ಲಿ ರಾಟೆ, ಈ ತುದಿಯಲ್ಲಿ ಮನುಷ್ಯ, ನಡುವೆ ನೂರಡಿ ಹುರಿ. ಅವರಿಗೆ ಬೀದಿಯೇ ಕಾರ್ಖಾನೆ. ಬೀದಿಯ ಬಾಯಲ್ಲಿ ನಾಲ್ಕು ಕಲ್ಲುಕಂಬ ಇದ್ದವು. ಸೈಕಲ್ ಹೋಗುತ್ತಿತ್ತು, ಹಸು ಹೋಗುತ್ತಿತ್ತು, ಹೆಣವೂ ಹೋಗುತ್ತಿತ್ತು. ಲಾರಿ ಹೋಗುತ್ತಿರಲಿಲ್ಲ.

ಕೊಬ್ಬರಿ ಮಂಡಿ ಚನ್ನವೀರಯ್ಯನಿಗೆ ಅದನ್ನು ಸಹಿಸಲಾಗಲಿಲ್ಲ. ಮಂಡಿಯಿಂದ ಗೂಡ್ಸ್ ಶೆಡ್ಡಿಗೆ ಸುತ್ತಿಕೊಂಡು ಹೋದರೆ ಒಂದು ಮೈಲಿ, ಈ ಬೀದಿಯಲ್ಲಿ ನುಗ್ಗಿದರೆ ಎರಡು ಫರ್ಲಾಂಗು. ಕಲ್ಲಿಗೆ ಚೈನು ಹಾಕಿ ಲಾರಿಯಿಂದ ಎಳೆಸಿ ಬಿಸಾಕಿದ. ಅವನು ಪುರಸಭೆಯ ಮೆಂಬರ್ ಕೂಡ. ಆದ್ದರಿಂದ ಅದನ್ನು ಯಾರೂ ದೌರ್ಜನ್ಯ ಅನ್ನಲಿಲ್ಲ. ಅಭಿವೃದ್ಧಿ ಅಂದರು.

ಬೀದಿಯವರು ಅರ್ಜಿ ಕೊಟ್ಟರು. ಪುರಸಭೆ ಸ್ಥಳ ತನಿಖೆ ಅಂದಿತು. ಅಧ್ಯಕ್ಷ ಮಹಾದೇವಯ್ಯ ಸೋಮವಾರ ಹನ್ನೊಂದಕ್ಕೆ ಖುದ್ದು ಬಂದು ನೋಡಬೇಕು, ನೋಡಿದ್ದನ್ನು ಬೀದಿಯವರೊಬ್ಬರ ಎದುರು ಮಹಜರು ಬರೆಸಿ ಅವರ ಸಹಿ ಹಾಕಿಸಬೇಕು.

ನಮ್ಮಲ್ಲಿ ಮಹಜರು ಮೊದಲೇ ಬರೆಯುತ್ತಾರೆ. ನೋಡುವುದು ಆಮೇಲೆ... ಪುರಸೊತ್ತಾದರೆ.

ಪುರಸಭೆಯಲ್ಲಿ ಟೈಪಿಸ್ಟ್ ಹುದ್ದೆ ಖಾಲಿ. ತಾಲ್ಲೂಕು ಕಚೇರಿ ಮುಂದೆ ಮೇಜು ಹಾಕಿಕೊಂಡು ಕೂತ ನನ್ನನ್ನೇ ಎಲ್ಲಕ್ಕೂ ಕರೆಯುತ್ತಾರೆ. ಸೋಮವಾರದ ಮಹಜರನ್ನು ನಾನೇ ಶನಿವಾರ ಟೈಪ್ ಮಾಡಿದೆ. 'ಖುದ್ದು ಪರಿಶೀಲಿಸಲಾಗಿ, ಲಾರಿ ಸಂಚಾರದಿಂದ ನಿವಾಸಿಗಳಿಗೆ ಯಾವ ಅಪಾಯವೂ ಕಂಡುಬರಲಿಲ್ಲ.' ಹೆಡ್ ಕ್ಲರ್ಕ್ ವೆಂಕಟರಂಗಯ್ಯ ಅದನ್ನು ಹಿಡಿದು ಇಸಾಕ್ ಸಾಬರ ಮನೆಗೆ ಹೋದ. "ಕಲ್ಲು ಬೇಕು ಅಂತ ಬರ್ದಿದೀವಿ ಸಾಬ್ರೇ, ಒಂದು ಸೈನ್ ಹಾಕ್ಬಿಡಿ," ಎಂದ. ಅವರು ಹಾಕಿದರು.

ಇಸಾಕ್ ಸಾಬರಿಗೆ ಸಹಿ ಬರುತ್ತದೆ, ಓದು ಬರುವುದಿಲ್ಲ. ನನಗೆ ಓದು ಬರುತ್ತದೆ. ಬಿ.ಎ. ಮಾಡಿದ್ದೇನೆ. ಸುಮ್ಮನಿದ್ದೆ.

ಸೋಮವಾರ ಒಂಬತ್ತೂಕಾಲಿಗೆ ಮುದ್ದಯ್ಯನ ಲಾರಿ ಹುರಿಗೆ ಸಿಕ್ಕಿಕೊಂಡಿತು. ಹುರಿಯ ಇನ್ನೊಂದು ತುದಿ ಇಸಾಕ್ ಸಾಬರ ಬಲಗೈಗೆ ಸುತ್ತಿತ್ತು. ಲಾರಿ ನಿಲ್ಲಲಿಲ್ಲ.

ಹನ್ನೊಂದು ಗಂಟೆಗೆ ಇಸಾಕ್ ಸಾಬರು ತುಮಕೂರಿನ ಆಸ್ಪತ್ರೆಯಲ್ಲಿದ್ದರು. ಅಧ್ಯಕ್ಷರು ಗುಬ್ಬಿಯಲ್ಲಿ ಮದುವೆ ಊಟದ ಎಲೆ ಮುಂದೆ ಇದ್ದರು. ಮಹಜರು ಮಾತ್ರ ಹೇಳಿದ ಟೈಮಿಗೆ ಸರಿಯಾಗಿ ಫೈಲಿನಲ್ಲಿತ್ತು.

"ಸಾಬ್ರು ಮಗಳ ಮನೆಗೆ ಹುಲಿಯೂರುದುರ್ಗಕ್ಕೆ ಹೋಗವ್ರೆ," ಎಂದು ಚನ್ನವೀರಯ್ಯ ಊರಿಗೆಲ್ಲ ಹೇಳಿಸಿದ. ಕಣ್ಣಾರೆ ಕಂಡ ಬೀದಿಯವರು ಬಾಯಿ ಮುಚ್ಚಿದರು. ಅವರಿಗೆ ನಾರು ಬರುವುದು ಅವನ ಮಂಡಿಯಿಂದ. ನನ್ನ ಮೇಜಿಗೆ ಬಂದು ಹೇಳಿದವರು ಒಬ್ಬರೇ... ಅದೇ ಬೀದಿಯ ಮಹಾಲಕ್ಷ್ಮಮ್ಮ. ಮೀಟಿಂಗಿನ ದಿನ, ಬುಧವಾರ, ನಾನೇ ತುಮಕೂರಿಗೆ ಹೋಗಿ ಸಾಬರನ್ನು ಬಸ್ಸಿನಲ್ಲಿ ಕರೆತಂದೆ; ಬಸ್ ಸ್ಟ್ಯಾಂಡಿನಿಂದ ಪುರಸಭೆಗೆ ದಾರಿ ಈ ಬೀದಿಯೇ.

ಈಗ ನನ್ನ ಎಡಕ್ಕೆ ಕದ ತೆರೆದದ್ದೂ ಅವರೇ.

"ಒಳಕ್ ಬನ್ರೇ. ಲಾರಿ ನೋಡಿಲ್ವಾ ಯಾವತ್ತೂ?"

ಇಸಾಕ್ ಸಾಬರನ್ನು ತಳ್ಳಿದೆ. ನಾನೂ ಹಾರಿದೆ. ನಾವು ನಿಂತಿದ್ದ ಗೋಡೆಯ ಗಾರೆಯನ್ನು ಲಾರಿ ಉದ್ದಕ್ಕೂ ಕೆರೆದುಕೊಂಡು ಹೋಯಿತು.

ಎಂಜಿನ್ ನಿಂತಿತು. ಬಾಗಿಲು ಬಡಿಯಿತು. ಮುದ್ದಯ್ಯ ಇಳಿದು ಬರುತ್ತಿದ್ದ. ಕೈಯಲ್ಲಿ ಜಾಕಿ ರಾಡು.

"ಹಿತ್ಲಿಂದ ಹೋಗಿ," ಎಂದರು ಮಹಾಲಕ್ಷ್ಮಮ್ಮ. "ಗುಂಡಿ ಐತೆ, ಪಕ್ಕದಾಗೆ ಹೋಗಿ."

ಹಿತ್ತಲಲ್ಲಿ ನಾರು ನೆನೆಹಾಕುವ ಗುಂಡಿ. ಆ ವಾಸನೆಗೆ ಕಾಗೆ ಕೂಡ ಕೂರುವುದಿಲ್ಲ. ಗುಂಡಿಯ ಅಂಚಿನಲ್ಲಿ ಇಸಾಕ್ ಸಾಬರ ಎಡಗೈ ಹಿಡಿದು ಓಡಿಸಿದೆ. ನನ್ನ ಒಂದು ಕಾಲು ಜಾರಿತು. ಮೊಣಕಾಲವರೆಗೆ ಸೀರೆ ಕಪ್ಪಾಯಿತು.

ಹಿಂದೆ ಮುದ್ದಯ್ಯನ ಬೂಟು. ಹತ್ತು ಹೆಜ್ಜೆ... ಐದು...

ಮಹಾಲಕ್ಷ್ಮಮ್ಮ ಹಿತ್ತಲ ಬಾಗಿಲ ಈ ಕಡೆ, ಅವರ ಸೊಸೆ ಆ ಕಡೆ. ನಡುವೆ ನೆಲದ ಮೇಲೆ ಬಿದ್ದಿದ್ದ ಹುರಿ ತಟ್ಟನೆ ಮೇಲೆದ್ದು ಬಿಗಿಯಾಯಿತು. ಮುದ್ದಯ್ಯ ರಾಡಿನ ಸಮೇತ ಗುಂಡಿಗೆ ಬಿದ್ದ.

"ಯಾವಳಲೇ ಅವ್ಳು!"

"ನಾರು ಮೂರು ತಿಂಗ್ಳು ನೆನೀಬೇಕು ಕಣಪ್ಪ," ಎಂದರು ಮಹಾಲಕ್ಷ್ಮಮ್ಮ. "ನೀನು ಅರ್ಧ ಗಂಟೆ ನೆನಿ."

ಅವನು ಮೇಲೆ ಹತ್ತಲು ನೋಡಿದಾಗಲೆಲ್ಲ ಸೊಸೆ ಒನಕೆ ತೋರಿಸುತ್ತಿದ್ದಳಂತೆ. ನಾನು ನೋಡಲಿಲ್ಲ. ಬೇಲಿ ದಾಟುತ್ತಿದ್ದೆ.

ಪುರಸಭೆ ತಲುಪಿದಾಗ ಮೂರಕ್ಕೆ ಐದು ನಿಮಿಷ. ಇಸಾಕ್ ಸಾಬರನ್ನು ಮೀಟಿಂಗ್ ಹಾಲಿನ ಪಕ್ಕದ ರೆಕಾರ್ಡ್ ರೂಮಿನಲ್ಲಿ ಕೂರಿಸಿದೆ.

"ನಾನು ಕದ ತೆಗೆದಾಗ ಬನ್ನಿ. ಮೊದ್ಲು ಬೇಡ."

"ಬೈತಾರೇನಮ್ಮ?"

"ಬೈಯ್ಯೋಕೆ ಬಾಯಿ ಬೇಕಲ್ಲ. ಬನ್ನಿ."

ಮೀಟಿಂಗಿನ ನಡಾವಳಿ ಬರೆದುಕೊಳ್ಳುವವಳು ನಾನು. ಮೇಜಿನ ಮೂಲೆ ನನ್ನ ಜಾಗ. ಹದಿನೈದು ಜನ ಮೆಂಬರುಗಳು. ಒಬ್ಬರೂ ನನ್ನ ಮುಖ ನೋಡಿದ್ದಿಲ್ಲ. ಅಂದು ಮೂಗು ಮುಚ್ಚಿಕೊಂಡು ನೋಡಿದರು.

ಚನ್ನವೀರಯ್ಯ ಸೀರೆಯ ಕೆಸರು ನೋಡಿ ನಕ್ಕ.

"ಏನ್ ಟೈಪಿಸ್ಟಮ್ಮ, ಗದ್ದೆ ನಾಟಿಗೆ ಹೋಗಿದ್ರಾ?"

"ಹೌದು ಸರ್. ಒಂದು ಆಳು ಅಲ್ಲೇ ಉಳ್ಕೊಂಡ."

ಅವನಿಗೆ ಅರ್ಥವಾಗಲಿಲ್ಲ. ಮುದ್ದಯ್ಯ ಸಾಬರನ್ನು ಬೀದಿಯಲ್ಲೇ ತಡೆದಿದ್ದಾನೆ ಎಂದೇ ನಂಬಿದ್ದ. ಬೋಂಡ ಬಂತು. ಚರ್ಚೆ ಶುರುವಾಯಿತು. ಚರ್ಚೆ ಅನ್ನುವುದು ಅವರ ಮಾತು.

"ಬೀದಿ ಇರೋದು ಓಡಾಡಕ್ಕೆ. ಹಗ್ಗ ಹೊಸೆಯಕ್ಕಲ್ಲ," ಎಂದ ಚನ್ನವೀರಯ್ಯ. "ನಾಳೆ ಬೆಂಕಿ ಬಿದ್ರೆ ಫೈರ್ ಇಂಜಿನ್ ಎಲ್ಲಿಂದ ಬತ್ತದೆ?"

ನಮ್ಮೂರಲ್ಲಿ ಫೈರ್ ಇಂಜಿನ್ ಇಲ್ಲ. ಯಾರೂ ಹೇಳಲಿಲ್ಲ.

"ಮಕ್ಳು ಮರಿ ಓಡಾಡೋ ಜಾಗ ಅಂತಾರಲ್ಲ," ಎಂದರು ಒಬ್ಬರು, ಬೋಂಡ ಮುಗಿದ ಮೇಲೆ.

"ಮಕ್ಳು ಮನೇಲಿರ್ಲಿ," ಎಂದರು ಇನ್ನೊಬ್ಬರು. "ಲಾರಿ ಮನೇಲಿಡಕ್ಕಾಗ್ತದಾ?"

ನಕ್ಕರು. ಹದಿನೈದೂ ಹೊಟ್ಟೆಗಳು ಕುಲುಕಿದವು. ಅರ್ಜಿಗೆ ಸಹಿ ಹಾಕಿದ ನಲವತ್ತು ಮನೆಯವರಲ್ಲಿ ಒಬ್ಬನೂ ಹಿಂದಿನ ಬೆಂಚಿನಲ್ಲಿ ಇರಲಿಲ್ಲ. ಮಾಡಿನಲ್ಲಿ ಒಂದು ಪಾರಿವಾಳ ಇತ್ತು. ಅದೂ ಮಲಗಿತ್ತು.

ವೆಂಕಟರಂಗಯ್ಯ ಮಹಜರು ಓದಿದ. ನಾನು ಪೆನ್ಸಿಲ್ ಎತ್ತಿದೆ.

"ಸರ್, ಒಂದು ಕ್ಲಾರಿಫಿಕೇಶನ್. ತಾವು ಖುದ್ದು ಹಾಜರಿದ್ರಿ ಅಂತ ನಡಾವಳಿಲಿ ಬರ್ಕೊಳ್ಳಲಾ?"

ಅಧ್ಯಕ್ಷರಿಗೆ ಖುದ್ದು ಎಂಬ ಪದ ತುಂಬಾ ಇಷ್ಟ.

"ಬರ್ಕೊಳಮ್ಮ. ಸೋಮವಾರ ಹನ್ನೊಂದು ಗಂಟೆ. ಬಿಸಿಲಲ್ಲಿ ನಿಂತು ನೋಡಿದೀನಿ."

"ಇಸಾಕ್ ಸಾಬರು ಸೈನ್ ಹಾಕಿದ್ದು..."

"ನನ್ನ ಎದುರಿಗೇ. ಪಕ್ಕದಲ್ಲಿ ನಿಂತು ಹಾಕಿದ. ಒಳ್ಳೇ ಮನುಷ್ಯ."

ಬರೆದೆ. ಓದಿ ಹೇಳಿದೆ. ಕಾಗದ ಮುಂದೆ ತಳ್ಳಿದೆ. "ಇಲ್ಲೊಂದು ರುಜು ಸರ್." ಅವರು ರುಜು ಮಾಡಿದರು. ಬಾಲವೆಳೆದು, ಕೆಳಗೆ ಎರಡು ಚುಕ್ಕಿ ಇಟ್ಟು.

ಆ ಕಾಗದವನ್ನು ಬ್ಯಾಗಿಗೆ ಹಾಕಿಕೊಂಡೆ. ಎದ್ದು ರೆಕಾರ್ಡ್ ರೂಮಿನ ಕದ ತೆಗೆದೆ.

ಇಸಾಕ್ ಸಾಬರು ಬಂದು ನಿಂತರು. ಎಡಗೈಯಲ್ಲೇ ಸಲಾಂ ಮಾಡಿದರು. ಬಲಗೈ ಏಳಲಿಲ್ಲ.

ನಾನು ಆಸ್ಪತ್ರೆ ಚೀಟಿಯನ್ನು ಮೇಜಿನ ಮೇಲಿಟ್ಟೆ. ಸೋಮವಾರ ಹತ್ತೂವರೆಗೆ ದಾಖಲು, ತುಮಕೂರು. ಬುಧವಾರ ಬೆಳಿಗ್ಗೆ ಬಿಡುಗಡೆ.

ವೆಂಕಟರಂಗಯ್ಯ ಮಹಜರನ್ನು ಫೈಲಿನೊಳಗೆ ತುರುಕಿದ.

"ಹತ್ತು ನಿಮಿಷ ಬ್ರೇಕ್," ಎಂದರು ಅಧ್ಯಕ್ಷರು.

ಚೇಂಬರಿನಲ್ಲಿ ನಾಲ್ಕೇ ಜನ. ಅಧ್ಯಕ್ಷ, ಚನ್ನವೀರಯ್ಯ, ಇಸಾಕ್ ಸಾಬ್, ನಾನು.

"ನನ್ನ ಮುಳುಗಿಸ್ಬಿಟ್ಯಲ್ಲೋ," ಎಂದರು ಅಧ್ಯಕ್ಷರು ಚನ್ನವೀರಯ್ಯನಿಗೆ. "ಸುಳ್ಳು ಮಹಜರು ಕಣೋ. ಡಿ.ಸಿ.ಗೆ ಹೋದ್ರೆ ಕುರ್ಚಿ ಹೋಯ್ತದೆ. ಜೈಲು ಬೇರೆ."

ಚನ್ನವೀರಯ್ಯ ನನ್ನ ಕಡೆ ತಿರುಗಿದ. "ಏನ್ ಬೇಕು?"

"ನಾಲ್ಕು ಕಲ್ಲು. ಮೊದಲಿದ್ದ ಜಾಗದಲ್ಲಿ. ಇವತ್ತೇ."

"ಆಯ್ತು. ಆದ್ರೆ ಕೈ ವಿಚಾರಕ್ಕೆ ಪೊಲೀಸ್ ಕಂಪ್ಲೇಂಟ್ ಇರಂಗಿಲ್ಲ. ಕಂಪ್ಲೇಂಟ್ ಬಂದ್ರೆ ಕೈ ಮುರಿದ ಟೈಮು ಬತ್ತದೆ, ಟೈಮು ಬಂದ್ರೆ ಸುಳ್ಳು ಮಹಜರು ಈಚೆ ಬತ್ತದೆ. ಜಗಲಿಯಿಂದ ಜಾರಿ ಬಿದ್ದೆ ಅಂತ ಸಾಬ್ರು ಬರ್ಕೊಡ್ಲಿ."

"ಆಗಲ್ಲ," ಎಂದೆ. "ಕಲ್ಲೂ ಆಗ್ಬೇಕು. ಕೇಸೂ ಆಗ್ಬೇಕು."

"ಹಂಗಾದ್ರೆ ಎರಡೂ ಇಲ್ಲ. ಡಿ.ಸಿ. ಹತ್ರ ಹೋಗಿ. ವರ್ಷ ಹಿಡೀತದೆ. ಅಲ್ಲೀವರ್ಗೂ ಲಾರಿ ಓಡ್ತದೆ. ದಿನಾ."

ಅದು ನಿಜ. ನೀಚನ ಬಾಯಿಂದ ಬಂದರೂ ನಿಜ ನಿಜವೇ.

ಇಸಾಕ್ ಸಾಬರು ನನ್ನ ತೋಳು ಮುಟ್ಟಿದರು. "ಬರ್ಕೊಡ್ತೀನಮ್ಮ."

"ಸಾಬ್ರೇ, ಡಾಕ್ಟ್ರು ಏನಂದ್ರು? ಮೂರು ಬೆರಳು ಇನ್ನು ಮಡಿಚೋಕಾಗಲ್ಲ ಅಂದ್ರಲ್ವಾ? ಹಗ್ಗ ಹೊಸೆಯೋಕಾಗಲ್ಲ. ಪರಿಹಾರ ಅಂತ ಏನಾದ್ರೂ ಬರೋದು ಈ ಕೇಸಿಂದಲೇ."

"ಕೇಸ್ ಗೆದ್ರೆ ಬೆರಳು ಬರ್ತಾವಾ? ನಂದು ಮುಗೀತು. ಬೀದಿ ಇದ್ರೆ ನಲವತ್ತು ಮನೆ ಹೊಸೀತಾರೆ. ನೂರಡಿ ಜಾಗ ಇಲ್ದೆ ಹಗ್ಗ ಆಗಲ್ಲಮ್ಮ." ಎಡಗೈಯಲ್ಲಿ ಮೇಜಿನ ಕಾಗದ ನನ್ನ ಕಡೆ ಸರಿಸಿದರು. "ನೀನೇ ಬರಿ. ಈ ಸಲ ಓದಿ ಹೇಳು."

ಬರೆದೆ. ಓದಿ ಹೇಳಿದೆ. ನನ್ನ ಧ್ವನಿ ಸರಿಯಾಗಿತ್ತು ಅಂದುಕೊಳ್ಳುತ್ತೇನೆ. ಅವರು ಎಡಗೈ ಹೆಬ್ಬೆಟ್ಟು ಒತ್ತಿದರು. ಆ ಕೈಯಲ್ಲಿ ಸಹಿ ಬರುವುದಿಲ್ಲ.

"ಕಲ್ಲು ನೆಟ್ಟ ಮೇಲೆ ಇದು ನಿಮ್ಮ ಕೈಗೆ," ಎಂದೆ. "ಅಧ್ಯಕ್ಷರ ರುಜು ಇರೋ ಕಾಗದ ನನ್ನ ಹತ್ರಾನೇ ಇರುತ್ತೆ. ಕಲ್ಲು ಎಷ್ಟು ದಿನ ಇರುತ್ತೋ ಅಷ್ಟು ದಿನ."

ಚನ್ನವೀರಯ್ಯ ಹಲ್ಲು ಕಡಿದ. ಅಧ್ಯಕ್ಷರು ನೀರು ಕುಡಿದರು.

ಐದೂವರೆಗೆ ಕಲ್ಲು ನೆಟ್ಟರು. ಸುಣ್ಣವನ್ನೂ ಬಳಿದರು.

ಭಾನುವಾರ ಬೀದಿಯವರು ಸಭೆ ಇಟ್ಟುಕೊಂಡರು. ಶಾಮಿಯಾನ, ಮೈಕು. ನಲವತ್ತು ಮನೆಯ ಬಾಯಿಗಳೂ ಈಗ ತೆರೆದಿದ್ದವು. ಬೀದಿಯನ್ನು ಕಾಪಾಡಿದ ಧೀಮಂತ ಎಂದು ಅಧ್ಯಕ್ಷರಿಗೆ ಹಾರ ಹಾಕಿದರು. ಉದಾರಿ ಎಂದು ಚನ್ನವೀರಯ್ಯನಿಗೂ ಒಂದು. ಮಹಾಲಕ್ಷ್ಮಮ್ಮ ಮಾತ್ರ ಬಾಗಿಲು ಹಾಕಿಕೊಂಡು ಒಳಗಿದ್ದರು.

ಇಸಾಕ್ ಸಾಬರು ಹಿಂದಿನ ಸಾಲಿನಲ್ಲಿ ನಿಂತಿದ್ದರು. ಅವರ ಕೈಯಿಂದಲೂ ಹಾರ ಹಾಕಿಸಿ ಎಂದು ಯಾರೋ ಅಂದರು. ಬೇಡವೆಂದು ತೀರ್ಮಾನವಾಯಿತು...

ಒಂದೇ ಕೈಯಲ್ಲಿ ಹಾರ ಹಾಕಿಸಿಕೊಂಡರೆ ಅಧ್ಯಕ್ಷರಿಗೆ ಅವಮಾನವಂತೆ.