ಅಮ್ಮನ ಲಿಫ್ಟು

“ಒಳಗೆ ಸರೀರಿ, ಒಳಗೆ ಸರೀರಿ! ಬಾಗಿಲ ಹತ್ರ ನಿಂತ್ಕೋಬೇಡಿ!”

ಅಮ್ಮ ಹೀಗೆ ಕೂಗಿದಾಗಲೆಲ್ಲ ಜನ ಇನ್ನಷ್ಟು ಒತ್ತಿಕೊಂಡು ನಿಲ್ಲುತ್ತಿದ್ದರು. ಯಾನ್‌ಯಾನ್ ಮೂಲೆಯ ಪುಟ್ಟ ಬೆಂಚಿನ ಮೇಲೆ ಕುಳಿತಿದ್ದಳು. ಅವಳ ಮೂಗಿನ ಮುಂದೆ ಯಾರದೋ ತರಕಾರಿ ಚೀಲ. ಅದರಿಂದ ಇಣುಕಿದ ಮೂಲಂಗಿ ಎಲೆಗಳು ಅವಳ ಕೆನ್ನೆಗೆ ಕಚಗುಳಿ ಇಡುತ್ತಿದ್ದವು.

ಅಮ್ಮ ಗುಂಡಿ ಒತ್ತಿದಳು. ಬಾಗಿಲು ಮುಚ್ಚಿತು. ಲಿಫ್ಟು ಒಮ್ಮೆ ಗೊರ್ ಎಂದು ಮೇಲೇರಿತು.

ಇದು ಯಾವುದೋ ಮನೆಯ ಲಿಫ್ಟಲ್ಲ, ಬೀದಿಯ ಲಿಫ್ಟು. ಚೀನಾದ ಚೊಂಗ್‌ಚಿಂಗ್ ಊರು ಬೆಟ್ಟದ ಮೈಗೆ ಅಂಟಿಕೊಂಡಿದೆ. ಕೆಳಬೀದಿ ನದಿಯ ಪಕ್ಕದಲ್ಲಿ, ಮೇಲ್ಬೀದಿ ಅದರ ನೆತ್ತಿಯ ಮೇಲೆ. ಮೆಟ್ಟಿಲು ಹತ್ತಲಾರದವರು ಬಸ್ಸಿಗೆ ಹತ್ತುವ ಹಾಗೆ ಕಾರ್ಡ್ ತೋರಿಸಿ ಈ ಲಿಫ್ಟು ಹತ್ತುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅವರನ್ನು ಮೇಲೆ ಕೆಳಗೆ ಮಾಡಿಸುವುದೇ ಅಮ್ಮನ ಕೆಲಸ.

ಯಾನ್‌ಯಾನ್ ಹೆನಾನ್ ಕಡೆಯ ಹಳ್ಳಿಯ ಹುಡುಗಿ. ಅಲ್ಲಿ ಅಜ್ಜಿಯ ಜೊತೆ ಇರುತ್ತಾಳೆ. ಅಪ್ಪ ಇಲ್ಲಿನ ನದಿಯಲ್ಲಿ ಸರಕಿನ ದೋಣಿಯ ಮೇಲಿರುತ್ತಾನೆ. ಅಪ್ಪ ಅಮ್ಮ ಊರಿಗೆ ಬರುವುದು ಹೊಸವರ್ಷದ ಹಬ್ಬಕ್ಕೆ ಮಾತ್ರ. ಈ ಸಲ ಬೇಸಿಗೆ ರಜೆಗೆ ಅವಳೇ ರೈಲು ಹತ್ತಿ ಮಾವನ ಜೊತೆ ಬಂದಿದ್ದಳು. ಬಂದು ಇನ್ನೂ ಮೂರು ದಿನ.

ಅವಳ ಊರು ಚಪ್ಪಟೆ. ಅಂಗಳದಲ್ಲಿ ನಿಂತರೆ ಗೋಧಿ ಹೊಲದ ಆಚೆ ತುದಿಯಲ್ಲಿ ಅಜ್ಜಿ ಬರುವುದು ಕಾಣುತ್ತದೆ. ಇಲ್ಲಿ ಪಕ್ಕದ ಮನೆಯೂ ಕಾಣುವುದಿಲ್ಲ. ಒಂದೋ ಅದು ತಲೆಯ ಮೇಲಿರುತ್ತದೆ, ಇಲ್ಲವೇ ಕಾಲ ಕೆಳಗೆ.

ಮೇಲ್ಬೀದಿ ಬಂತು. ಜನ ಇಳಿದರು. ಅವರ ನಡುವೆ ನುಸುಳಿ ಎಂಟು ವರ್ಷದ ಹುಡುಗಿಯೊಬ್ಬಳು ಒಳಗೆ ಹಾರಿದಳು.

“ಶಿಯಾ ಚಿಕ್ಕಮ್ಮಾ! ನೀರು!”

ಅಮ್ಮ ತನ್ನ ಫ್ಲಾಸ್ಕಿನ ಮುಚ್ಚಳ ತೆಗೆದು ಕೊಟ್ಟಳು. ಹುಡುಗಿ ಗಟಗಟ ಕುಡಿದಳು. ಅಮ್ಮ ಅವಳ ಗಲ್ಲ ಒರೆಸಿದಳು.

“ನಿಧಾನ. ಯಾರಾದ್ರೂ ಅಟ್ಟಿಸಿಕೊಂಡು ಬಂದ್ರಾ?”

ಯಾನ್‌ಯಾನ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹುಡುಗಿಯ ಹೆಸರು ಮ್ಯಾವ್‌ಮ್ಯಾವ್. ಬೆಕ್ಕು ಕೂಗಿದ ಹಾಗಿದೆ ಎಂದು ಯಾನ್‌ಯಾನ್ ಮೊದಲ ದಿನವೇ ಹೇಳಿದ್ದಳು. ಅದಕ್ಕೆ ಆ ಹುಡುಗಿ ಸಿಟ್ಟಾಗಲೇ ಇಲ್ಲ. “ಹೌದು, ನಾನು ಪರಚ್ತೀನಿ ಕೂಡ” ಎಂದು ಉಗುರು ತೋರಿಸಿದ್ದಳು. ದಿನಕ್ಕೆ ಎಷ್ಟೋ ಸಲ ಲಿಫ್ಟಿಗೆ ಬರುತ್ತಾಳೆ. ಅಮ್ಮನ ಬೆಂಚಿನ ಮೇಲೆ ಕೂರುತ್ತಾಳೆ. ಅಮ್ಮನ ಫ್ಲಾಸ್ಕಿನಲ್ಲಿ ನೀರು ಕುಡಿಯುತ್ತಾಳೆ. ಕಾರ್ಡೂ ಇಲ್ಲ, ಗೀರ್ಡೂ ಇಲ್ಲ.

“ಚಿಕ್ಕಮ್ಮ ಅಂತೆ, ಚಿಕ್ಕಮ್ಮ” ಎಂದು ಯಾನ್‌ಯಾನ್ ಕಿಟಕಿಗೆ ಗೊಣಗಿದಳು.

ಊಟದ ಹೊತ್ತಾಯಿತು. ಅಮ್ಮ ಲಿಫ್ಟು ಬಿಟ್ಟು ಕದಲುವ ಹಾಗಿಲ್ಲ.

“ಪುಟ್ಟೀ, ಇವಳ ಜೊತೆ ಹೋಗಿ ನೂಡಲ್ಸ್ ತಗೊಂಡು ಬಾ. ಇವರ ತಾತನ ಅಂಗಡಿ ಇಲ್ಲೇ ಮೇಲ್ಗಡೆ. ಮ್ಯಾವ್‌ಮ್ಯಾವ್, ಅಕ್ಕನ್ನ ಹುಷಾರಾಗಿ ಕರ್ಕೊಂಡು ಹೋಗು. ಅವಳಿಗೆ ದಾರಿ ಗೊತ್ತಿಲ್ಲ.”

ತನಗಿಂತ ಚಿಕ್ಕವಳು ತನ್ನನ್ನು ಹುಷಾರಾಗಿ ಕರೆದುಕೊಂಡು ಹೋಗಬೇಕಂತೆ! ಯಾನ್‌ಯಾನ್ ತುಟಿ ಬಿಗಿದುಕೊಂಡು ಹೊರಟಳು.

ಮ್ಯಾವ್‌ಮ್ಯಾವ್ ಮೇಲ್ಬೀದಿ ದಾಟಿ ಒಂದು ದೊಡ್ಡ ಕಟ್ಟಡದೊಳಗೆ ನುಗ್ಗಿದಳು. ಅಲ್ಲೊಂದು ಲಿಫ್ಟು. ಗೋಡೆಯ ಮೇಲೆ ‘ಎಂಟು’ ಎಂದು ಬರೆದಿತ್ತು.

“ಎಂಟನೇ ಮಹಡಿನಾ? ನಾವು ಹತ್ತಲೇ ಇಲ್ವಲ್ಲ. ಬೀದಿಯಿಂದ ಸೀದಾ ಬಂದ್ವಿ.”

“ಹಿಂದಿನ ಬೀದಿಯಿಂದ ನೋಡಿದ್ರೆ ಇದು ಎಂಟು. ಅಲ್ಲಿ ಬೆಟ್ಟ ತಗ್ಗು.” ಮ್ಯಾವ್‌ಮ್ಯಾವ್ ಗುಂಡಿ ಒತ್ತಿದಳು. “ಈಗ ಹದಿನಾಲ್ಕಕ್ಕೆ ಹೋಗಿ ಹೊರಗೆ ಬಿದ್ರೆ ಇನ್ನೊಂದು ಬೀದಿ.”

“ಹಾಗಾದ್ರೆ ನೆಲ ಯಾವ್ದು?”

ಮ್ಯಾವ್‌ಮ್ಯಾವ್ ಬಿದ್ದು ಬಿದ್ದು ನಕ್ಕಳು. “ಅಯ್ಯೋ ಅಕ್ಕಾ! ನಿಮ್ಮೂರಲ್ಲಿ ಒಂದೇ ನೆಲಾನಾ? ಪಾಪ!”

ಲಿಫ್ಟಿನಲ್ಲಿದ್ದ ಇಬ್ಬರು ಹೆಂಗಸರೂ ನಕ್ಕರು. ಯಾನ್‌ಯಾನ್‌ಗೆ ಕಿವಿ ಬಿಸಿಯಾಯಿತು.

ಹದಿನಾಲ್ಕನೇ ಮಹಡಿಯಲ್ಲಿ ನಿಜಕ್ಕೂ ಬೀದಿಯಿತ್ತು. ಬಸ್ಸುಗಳು, ಹಣ್ಣಿನ ಗಾಡಿ, ಮರದ ನೆರಳಲ್ಲಿ ಇಸ್ಪೀಟು ಆಡುವ ಮುದುಕರು, ಎಲ್ಲ ಇತ್ತು. ಒಂದು ಕಾಲುಸೇತುವೆ ದಾಟಿದರೆ ತಾತನ ಅಂಗಡಿ. ನಾಲ್ಕು ಸ್ಟೂಲು, ಒಂದು ದೊಡ್ಡ ಹಂಡೆ, ಕಣ್ಣಲ್ಲಿ ನೀರು ತರಿಸುವ ಮೆಣಸಿನ ಘಾಟು.

“ಓಹೋ, ಶಿಯಾ ಮಗಳೇನಮ್ಮ ನೀನು?” ತಾತ ಬಾಯ್ತುಂಬ ನಕ್ಕರು. “ಬಾ ಬಾ. ಅಮ್ಮಂಗೆ ಏನೇನು ಹಾಕ್ಲಿ ಹೇಳು.”

ಯಾನ್‌ಯಾನ್‌ಗೆ ಖುಷಿಯಾಯಿತು. ಕೊನೆಗೂ ಅವಳನ್ನು ಯಾರೋ ಏನೋ ಕೇಳಿದರು. “ಕೊತ್ತಂಬರಿ ಸೊಪ್ಪು ಜಾಸ್ತಿ ಹಾಕಿ, ತಾತ.”

“ಬೇಡ, ಬೇಡ!” ಮ್ಯಾವ್‌ಮ್ಯಾವ್ ಕೂಗಿದಳು. “ಶಿಯಾ ಚಿಕ್ಕಮ್ಮಂಗೆ ಕೊತ್ತಂಬರಿ ಸೊಪ್ಪು ಆಗಲ್ಲ. ವಾಸನೆ ಕಂಡ್ರೇ ಆಗಲ್ಲ. ಕಡಲೆಬೀಜ ಜಾಸ್ತಿ, ಖಾರ ಜಾಸ್ತಿ. ಅಕ್ಕಂಗೆ ಏನೂ ಗೊತ್ತಿಲ್ಲ!”

ಹಬ್ಬದಲ್ಲಿ ಅಜ್ಜಿ ಎಲ್ಲದಕ್ಕೂ ಕೊತ್ತಂಬರಿ ಸೊಪ್ಪು ಉದುರಿಸುತ್ತಿದ್ದಳು. ಅಮ್ಮ ತಲೆ ಬಗ್ಗಿಸಿ ತಿನ್ನುತ್ತಿದ್ದಳು. ಅಮ್ಮನಿಗೆ ಅದು ಇಷ್ಟ ಎಂದೇ ಯಾನ್‌ಯಾನ್ ಅಂದುಕೊಂಡಿದ್ದಳು.

ತಾತ ಮೂರು ಡಬ್ಬಿ ಕಟ್ಟಿ ಚೀಲಕ್ಕೆ ಹಾಕಿದರು. ಮ್ಯಾವ್‌ಮ್ಯಾವ್ ಕೈ ಚಾಚುವ ಮೊದಲೇ ಯಾನ್‌ಯಾನ್ ಚೀಲ ಕಸಿದುಕೊಂಡಳು.

“ನಾನೊಬ್ಳೇ ಹೋಗ್ತೀನಿ. ನೀನು ಬರೋದು ಬೇಡ. ಅವಳು ನಮ್ಮಮ್ಮ!”

ಅಷ್ಟು ಹೇಳಿ ಅವಳು ಓಡಿದಳು. ಹಿಂದೆ ಮ್ಯಾವ್‌ಮ್ಯಾವ್ ಏನೋ ಕೂಗಿದಳು. ಅದು ಬಸ್ಸಿನ ಹಾರನ್ನಿನಲ್ಲಿ ಮುಳುಗಿಹೋಯಿತು.

ಕಾಲುಸೇತುವೆ ದಾಟಿದ್ದು ಸರಿಯಾಗಿತ್ತು. ಆಮೇಲೆ ಎಲ್ಲಿ ತಪ್ಪಿತೋ ಗೊತ್ತಿಲ್ಲ. ಒಂದು ಬಾಗಿಲು ಹೊಕ್ಕಳು. ಲಿಫ್ಟು ಹತ್ತಿ ಎಂಟು ಒತ್ತಿದಳು. ಹೊರಗೆ ಬಂದರೆ ಬೀದಿಯಿಲ್ಲ, ಯಾರದೋ ಮನೆಯ ಬಾಗಿಲು, ಒಣಹಾಕಿದ ಬಟ್ಟೆ. ಬೇರೆ ಕಟ್ಟಡ! ಒಂದನೇ ಮಹಡಿಗೆ ಇಳಿದಳು. ಅಲ್ಲಿ ಸ್ಕೂಟರುಗಳು ನಿಂತ ಕತ್ತಲೆ ಜಾಗ. ಮೆಟ್ಟಿಲು ಹತ್ತಿದಳು. ಆ ಮೆಟ್ಟಿಲು ಎರಡು ಗೋಡೆಗಳ ನಡುವೆ ತಿರುಗಿ ತಿರುಗಿ, ಕೊನೆಗೆ ಒಂದು ಕಟ್ಟೆಯ ಮೇಲೆ ಬಂದು ನಿಂತುಬಿಟ್ಟಿತು. ಮುಂದೆ ಕಬ್ಬಿಣದ ಕಂಬಿ. ಅದರ ಆಚೆ ಬರೀ ಗಾಳಿ.

ಕಂಬಿ ಹಿಡಿದು ಕೆಳಗೆ ನೋಡಿದಳು.

ನೇರ ಕೆಳಗೆ ಕೆಳಬೀದಿ. ಅಲ್ಲಿ ಅಮ್ಮನ ಲಿಫ್ಟಿನ ಬಾಗಿಲು. ಕಲ್ಲು ಬಿಟ್ಟರೆ ಅಲ್ಲಿಗೇ ಬೀಳುವಷ್ಟು ಹತ್ತಿರ. ಆದರೆ ಹೋಗಲು ದಾರಿಯೇ ಇಲ್ಲ.

ಬಾಗಿಲು ತೆರೆಯಿತು. ಜನ ಇಳಿದರು. ಅವರ ಹಿಂದೆ ನೀಲಿ ಅಂಗಿಯ ಅಮ್ಮ ಹೊರಗೆ ಬಂದಳು. ಆ ಕಡೆ ನೋಡಿದಳು. ಈ ಕಡೆ ನೋಡಿದಳು. ಒಬ್ಬ ಮುದುಕನನ್ನು ತಡೆದು ಏನೋ ಕೇಳಿದಳು. ಕೈಯನ್ನು ತನ್ನ ಭುಜದ ಎತ್ತರಕ್ಕೆ ಹಿಡಿದು ತೋರಿಸಿದಳು, ಇಷ್ಟು ಎತ್ತರದ ಹುಡುಗಿ ಎಂದು. ಮುದುಕ ತಲೆಯಾಡಿಸಿದ. ಜನ ಒಳಗೆ ತುಂಬಿದ್ದರು. ಅಮ್ಮ ಓಡಿಹೋಗಿ ಗುಂಡಿ ಒತ್ತಿದಳು. ಬಾಗಿಲು ಮುಚ್ಚಿತು.

“ಅಮ್ಮಾ!” ಯಾನ್‌ಯಾನ್ ಕೂಗಿದಳು. ನದಿಯಲ್ಲಿ ಹಡಗೊಂದು ಉದ್ದಕ್ಕೆ ಕೂಗು ಹಾಕಿತು.

ಲಿಫ್ಟು ಮತ್ತೆ ಕೆಳಗೆ ಬಂತು. ಅಮ್ಮ ಮತ್ತೆ ಹೊರಗೆ ಬಂದಳು. ಮತ್ತೆ ಆ ಕಡೆ, ಈ ಕಡೆ. ಒಮ್ಮೆಯೂ ಮೇಲೆ ನೋಡಲಿಲ್ಲ. ಮೇಲಿನಿಂದ ಅಮ್ಮ ತುಂಬ ಪುಟ್ಟವಳಾಗಿ ಕಾಣುತ್ತಿದ್ದಳು. ನೆತ್ತಿಯಲ್ಲಿ ಕೂದಲು ಬೆಳ್ಳಗಾಗಿತ್ತು. ಅದು ಯಾನ್‌ಯಾನ್‌ಗೆ ಇವತ್ತೇ ಕಂಡದ್ದು.

ಹಿಂದೆ ಚಪ್ಪಲಿಯ ಪಟಪಟ ಸದ್ದು ಕೇಳಿಸಿತು. ಮ್ಯಾವ್‌ಮ್ಯಾವ್ ಏದುಸಿರು ಬಿಡುತ್ತ ನಿಂತಿದ್ದಳು. ಮುಖ ಕೆಂಪಗೆ, ಕಣ್ಣು ಒದ್ದೆ.

“ಸಿಕ್ಬಿಟ್ಟೆ! ನಂಗೊತ್ತಿತ್ತು. ದಾರಿ ತಪ್ಪಿದವರೆಲ್ಲ ಕೊನೆಗೆ ಇಲ್ಲಿಗೇ ಬರೋದು.” ಅವಳು ಮೂಗು ಒರೆಸಿಕೊಂಡಳು. “ನೀನು ಕಳೆದುಹೋಗಿದ್ರೆ ಚಿಕ್ಕಮ್ಮ ನನ್ನ ಮಾತಾಡಿಸ್ತಾನೇ ಇರ್ಲಿಲ್ಲ.”

“ಅಳ್ತಿದ್ದೀಯಾ?”

“ಇಲ್ಲ. ಮೆಣಸಿನ ಘಾಟು.” ಆಮೇಲೆ ಅವಳೇ ಕೇಳಿದಳು. “ಅಕ್ಕಾ, ನೀನು ಅವರನ್ನ ನಿಮ್ಮೂರಿಗೆ ಕರ್ಕೊಂಡು ಹೋಗೋಕೆ ಬಂದಿದ್ದೀಯಾ?”

“ಯಾರು ಹೇಳಿದ್ದು?”

“ಯಾರೂ ಇಲ್ಲ. ನಾನೇ ಅಂದ್ಕೊಂಡೆ.” ಮ್ಯಾವ್‌ಮ್ಯಾವ್ ಕಂಬಿಯ ಸಂದಿಯಲ್ಲಿ ಮೂಗು ತೂರಿಸಿ ಕೆಳಗೆ ನೋಡಿದಳು. “ನೀನು ಬಂದ್ಮೇಲೆ ಅವರು ನಂಗೆ ಜಡೆ ಹಾಕ್ಲೇ ಇಲ್ಲ. ಮೊದಲೆಲ್ಲ ದಿನಾ ಹಾಕ್ತಿದ್ರು. ಹಾಕ್ತಾ ಹಾಕ್ತಾ, ಯಾನ್‌ಯಾನ್ ಕೂದಲು ಈಗ ಇಲ್ಲೀವರೆಗೆ ಬಂದಿರ್ಬೇಕು ಅಂತ ನನ್ನ ಬೆನ್ನ ಮೇಲೆ ಬೆರಳಿಟ್ಟು ತೋರಿಸ್ತಿದ್ರು. ಯಾನ್‌ಯಾನ್ ಅಲ್ಲಾಡ್ದೆ ಕೂತ್ಕೊಳ್ತಾಳೆ, ನೀನು ಕೋತಿ ಅಂತಿದ್ರು. ನಿನ್ನ ವಿಷಯ ಕೇಳಿ ಕೇಳಿ ನಂಗೆ ಸಾಕಾಗಿತ್ತು.”

ಯಾನ್‌ಯಾನ್‌ಳ ಕೈ ತಾನಾಗಿ ಬೆನ್ನಿನ ಹಿಂದೆ ಹೋಗಿ ಜಡೆಯ ತುದಿಯನ್ನು ಹಿಡಿದುಕೊಂಡಿತು.

“ನಿಮ್ಮಮ್ಮ ಎಲ್ಲಿ?” ಎಂದು ಕೊನೆಗೆ ಕೇಳಿದಳು.

“ಫೋನಲ್ಲಿ.”

“ಅಂದ್ರೆ?”

“ಗ್ವಾಂಗ್‌ಡಾಂಗ್‌ನಲ್ಲಿ ಶೂ ಫ್ಯಾಕ್ಟರಿ. ಭಾನುವಾರ ಫೋನಲ್ಲಿ ಬರ್ತಾಳೆ. ಊಟ ಮಾಡಿದ್ಯಾ, ಹೋಂವರ್ಕ್ ಮಾಡಿದ್ಯಾ, ತಾತಂಗೆ ಕೊಡು. ಅಷ್ಟೇ.”

ಯಾನ್‌ಯಾನ್‌ಗೆ ಆ ಮಾತುಗಳು ಗೊತ್ತಿದ್ದವು. ಅದೇ ಸಾಲು, ಅದೇ ಕ್ರಮ. ಅವಳ ಅಮ್ಮ ‘ಅಜ್ಜಿಗೆ ಕೊಡು’ ಎನ್ನುತ್ತಿದ್ದಳು, ಅಷ್ಟೇ ವ್ಯತ್ಯಾಸ. ಫೋನು ಅಜ್ಜಿಯ ಕೈಗೆ ಹೋದ ಮೇಲೂ ಪರದೆಯ ಅಂಚಿನಲ್ಲಿ ಅಮ್ಮನ ಒಂದು ಕಿವಿಯಾದರೂ ಕಾಣಲೆಂದು ಅವಳು ಬಗ್ಗಿ ಬಗ್ಗಿ ನೋಡುತ್ತಿದ್ದಳು.

ಕೆಳಗೆ ಅಮ್ಮ ಮತ್ತೆ ಹೊರಗೆ ಬಂದಿದ್ದಳು.

“ಬೇಗ ನಡಿ” ಎಂದಳು ಯಾನ್‌ಯಾನ್. “ಕೆಳಗೆ ಹೋಗೋದು ಹೇಗೆ?”

“ಕೆಳಗೆ ಹೋಗ್ಬೇಕಂದ್ರೆ ಮೊದಲು ಮೇಲೆ ಹೋಗ್ಬೇಕು.”

“ನಿಮ್ಮೂರಿಗೆ ತಲೆ ಕೆಟ್ಟಿದೆ.”

“ಹೌದು” ಎಂದು ಮ್ಯಾವ್‌ಮ್ಯಾವ್ ಹೆಮ್ಮೆಯಿಂದ ಒಪ್ಪಿಕೊಂಡಳು. ಚೀಲದ ಒಂದು ಕಿವಿ ಅವಳು ಹಿಡಿದಳು, ಇನ್ನೊಂದನ್ನು ಯಾನ್‌ಯಾನ್. ಇಬ್ಬರೂ ಮೆಟ್ಟಿಲು ಹತ್ತಿದರು, ಒಂದು ಅಡುಗೆಮನೆಯ ಹಿಂದೆ ಹಾದರು, ಬೇರೊಂದು ಮೆಟ್ಟಿಲು ಇಳಿದರು. ಮ್ಯಾವ್‌ಮ್ಯಾವ್ ಒಮ್ಮೆಯೂ ತಪ್ಪಲಿಲ್ಲ. ಯಾನ್‌ಯಾನ್ ಈ ಸಲ ಅವಳ ಹಿಂದೆಯೇ ನಡೆದಳು.

ಅಮ್ಮ ಅವರನ್ನು ದೂರದಿಂದಲೇ ಕಂಡಳು. ಓಡಿ ಬಂದು ಯಾನ್‌ಯಾನ್‌ಳ ರಟ್ಟೆ ಹಿಡಿದಳು. ತುಂಬ ಬಿಗಿಯಾಗಿ ಹಿಡಿದಳು.

“ಎಲ್ಲಿಗೆ ಹೋಗಿದ್ರಿ? ಎಷ್ಟೊತ್ತು? ನನ್ನ ಜೀವ ಬಾಯಿಗೆ ಬಂದಿತ್ತು!” ಆಮೇಲೆ ಮ್ಯಾವ್‌ಮ್ಯಾವ್ ಕಡೆ ತಿರುಗಿದಳು. “ನಿಂಗೆ ಏನಂತ ಹೇಳಿ ಕಳಿಸಿದ್ದೆ ನಾನು?”

ಮ್ಯಾವ್‌ಮ್ಯಾವ್ ತಲೆ ತಗ್ಗಿಸಿದಳು.

“ಅವಳ ತಪ್ಪಲ್ಲಮ್ಮ” ಎಂದಳು ಯಾನ್‌ಯಾನ್. “ನಾನೇ ಬಿಟ್ಟು ಓಡಿದ್ದು. ಅವಳೇ ಹುಡುಕ್ಕೊಂಡು ಬಂದ್ಳು.”

ಅಮ್ಮ ಇಬ್ಬರನ್ನೂ ನೋಡಿದಳು. ಇನ್ನೇನೋ ಬೈಯಬೇಕೆಂದಿದ್ದವಳು ಬೈಯಲಿಲ್ಲ. “ಮೊದಲು ತಿನ್ನಿ” ಎಂದಳು.

ನೂಡಲ್ಸ್ ಆರಿ ಮುದ್ದೆಯಾಗಿತ್ತು. ಪುಟ್ಟ ಬೆಂಚಿನಲ್ಲಿ ಒಬ್ಬರಿಗೇ ಜಾಗ. ಯಾನ್‌ಯಾನ್ ಅಂಚಿಗೆ ಸರಿದಳು. ಮ್ಯಾವ್‌ಮ್ಯಾವ್ ಇನ್ನೊಂದು ಅಂಚಿಗೆ ಒರಗಿದಳು. ಇಬ್ಬರೂ ಅರ್ಧರ್ಧ ಕೂತು ತಿನ್ನತೊಡಗಿದರು. ಅಮ್ಮ ನಿಂತೇ ಎರಡೆರಡು ತುತ್ತು ತಿಂದು ಗುಂಡಿ ಒತ್ತುತ್ತಿದ್ದಳು. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು.

ಕೆಳಬೀದಿಯಲ್ಲಿ ಒಬ್ಬ ಅಜ್ಜಿ ಕೈಚೀಲದೊಡನೆ ಹತ್ತಿದಳು.

“ಶಿಯಾ, ನಿನ್ನ ಮಗಳು ಬಂದಿದ್ದಾಳಂತೆ! ಬೀದಿಯೆಲ್ಲ ಹೇಳ್ತಿದೆ.” ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬೆಂಚಿನ ಕಡೆ ಬಗ್ಗಿದಳು. “ಇಬ್ರಿದ್ದಾರಲ್ಲೇ. ಇದರಲ್ಲಿ ನಿನ್ನ ಮಗಳು ಯಾವಳು?”

ಮ್ಯಾವ್‌ಮ್ಯಾವ್ ಜಗಿಯುವುದು ನಿಂತಿತು. ಅವಳ ಮುಖ ಡಬ್ಬಿಯೊಳಗೆ ಇನ್ನೂ ತಗ್ಗಿತು.

ಅಮ್ಮ ಉತ್ತರ ಹೇಳಲು ತಿರುಗಿದಳು.

ಅಷ್ಟರಲ್ಲಿ ಯಾನ್‌ಯಾನ್ ಬಾಯಲ್ಲಿದ್ದುದನ್ನು ನುಂಗಿ ಹೇಳಿದಳು. “ದೊಡ್ಡವಳು ನಾನು, ಅಜ್ಜಿ.”

ಪಕ್ಕದಲ್ಲಿ ಸುರ್ರ್ ಎಂದು ನೂಡಲ್ಸ್ ಎಳೆದ ಸದ್ದು ಕೇಳಿತು.

ಅಮ್ಮ ಗುಂಡಿ ಒತ್ತಿದಳು. ಲಿಫ್ಟು ಮೇಲೇರಿತು.